ಉದರದರ್ಶನ: ದಾವಣಗೆರೆ ಸೀಮೆಯ ಒಂದು ಪೂರ್ವವೃತ್ತಾಂತ

ಚನ್ನಗಿರಿಯ ಅಡಕೆತೋಟದ ಒಡೆಯನಿಗಾಗಲಿ, ಜಗಳೂರಿನ ಮಳೆಯಾಶ್ರಿತ ಹೊಲದ ಒಕ್ಕಲಿಗನಿಗಾಗಲಿ ಉದರಶೂಲೆ ಬಂದೊಡನೆ ಮೊದಲು ಒದಗುತ್ತಿದ್ದುದು ಓಮದ ಕಷಾಯ, ಅನಂತರ ನಾಡಿ ಹಿಡಿದು ನೋಡುವ ಪಂಡಿತ, ಅದಕ್ಕೂ ಮೀರಿದರೆ ಪಟ್ಟಣದ ದೊಡ್ಡಾಸ್ಪತ್ರೆ. ಆ ಪಟ್ಟಣ ಯಾವುದೆಂಬುದನ್ನು ಬಹುಮಟ್ಟಿಗೆ ಕಂದಾಯದ ಎಲ್ಲೆಯೇ ನಿರ್ಣಯಿಸುತ್ತಿದ್ದಿತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸುವವರೆಗೂ ಚನ್ನಗಿರಿ, ಹೊನ್ನಾಳಿ, ಹೊನ್ನಾಳಿಯೊಳಗೇ ಅಡಗಿದ್ದ ನ್ಯಾಮತಿ ಇವು ಶಿವಮೊಗ್ಗೆಗೆ ಸೇರಿ ಅಲ್ಲಿಯ ಮೆಗ್ಗಾನ್ ಆಸ್ಪತ್ರೆಯತ್ತ ಮುಖಮಾಡಿದ್ದರೆ, ಜಗಳೂರು ಚಿತ್ರದುರ್ಗದ ಪಾಲಾಗಿತ್ತು. ಆದರೆ ರೋಗಿಯ ಕಾಲಿಗೆ ಗಡಿಯಿಲ್ಲ. 1965ರಲ್ಲಿ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪಿತವಾದ ಮೇಲೆ ಸರ್ಕಾರದ ನಕ್ಷೆಗಿಂತ ಮೊದಲೇ ವ್ಯಾಧಿಯ ನಕ್ಷೆ ಬದಲಾಯಿತೆನ್ನಬೇಕು.

ಇನ್ನು ಆಸ್ಪತ್ರೆಯಲ್ಲಿ ಉದರದ ಒಳಗನ್ನು ನೋಡುವ ಬಗೆ. 1895ರಲ್ಲಿ ರಾಂಟ್ಜೆನ್ ಕಂಡ ಎಕ್ಸ್ ಕಿರಣ ಎಲುಬನ್ನು ತೋರಿತೇ ಹೊರತು ಮೃದುವಾದ ಕರುಳನ್ನು ತೋರಲಿಲ್ಲವಾಗಿ, ಬೇರಿಯಂ ಕುಡಿಸಿ ಅದರ ನೆರಳನ್ನು ಹಿಡಿಯುವ ಉಪಾಯ ಬಂದಿತು. ಮುಂದೆ ಎಂಡೋಸ್ಕೋಪು ಒಳಗೋಡೆಯನ್ನೇ ಕಣ್ಣಿಗೆ ತಂದಿತು. ಇವೆರಡಕ್ಕೂ ಬಹುಮಟ್ಟಿಗೆ ದಕ್ಕಿದುದು ಆಕಾರ, ವ್ಯಾಪಾರವಲ್ಲ. ಅಣುಚಿತ್ರಣದ ರೀತಿಯೇ ಬೇರೆ: ಅಂಗವು ತಾನಾಗಿ ಸ್ವೀಕರಿಸುವ ದ್ರವ್ಯಕ್ಕೆ ವಿಕಿರಣದ ಗುರುತು ಕಟ್ಟಿ, ಅದು ಹೋದ ದಾರಿಯನ್ನು ಹೊರಗಿನಿಂದ ಎಣಿಸುವುದು. ಹಿಡಾ ಸ್ಕ್ಯಾನಿನಲ್ಲಿ ಟೆಕ್ನೀಷಿಯಂ ಎಂಬ ವಿಕಿರಣಧಾತುವಿನ ಗುರುತು ಹೊತ್ತ ದ್ರವ್ಯ ಯಕೃತ್ತನ್ನು ಹೊಕ್ಕು ಪಿತ್ತದೊಡನೆ ಹರಿಯುವುದರಿಂದ, ಪಿತ್ತಕೋಶದ ನಾಳ ಮುಚ್ಚಿದೆಯೇ ಎಂಬುದು ಬಯಲಾಗುತ್ತದೆ. ಕರುಳಿನ, ಮೇದೋಜೀರಕದ ನ್ಯೂರೋಎಂಡೋಕ್ರೈನ್ ಗಡ್ಡೆಗಳನ್ನು ಗ್ಯಾಲಿಯಂ-68 ಹೊತ್ತ ಅಣು ಹುಡುಕಿದರೆ, ಅಂಥದೇ ಅಣು ಲುಟೀಷಿಯಂ-177ನ್ನು ಹೊತ್ತು ಹೋಗಿ ಅವುಗಳನ್ನು ಸುಡುತ್ತದೆ. ನಿದಾನವೂ ಚಿಕಿತ್ಸೆಯೂ ಇಷ್ಟು ಹತ್ತಿರ ಬಂದುದು ವೈದ್ಯಶಾಸ್ತ್ರದಲ್ಲಿ ವಿರಳ.

ಭಾರತದಲ್ಲಿ ಮುಂಬಯಿಯ ವಿಕಿರಣ ವೈದ್ಯಕೇಂದ್ರ 1963ರಲ್ಲಿ ಆರಂಭವಾಯಿತು; ಅಣುಚಿತ್ರಣದ ಒಂದು ಬಗೆಯಾದ ಪೆಟ್‌ನ ದೇಶದ ಮೊದಲ ಸ್ಕ್ಯಾನರ್ ಅಲ್ಲಿಯೇ 2002ರಲ್ಲಿ ನೆಲೆಗೊಂಡಿತು. ಪೆಟ್‌ಗೆ ಬಹುತೇಕ ಬೇಕಾಗುವ, ಸೈಕ್ಲೋಟ್ರಾನ್ ಯಂತ್ರದಲ್ಲಿ ತಯಾರಾಗುವ ಫ್ಲೂರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಅದನ್ನು ಬೆಂಗಳೂರಿನಿಂದ ತರುವುದಾದರೆ ದಾವಣಗೆರೆಗೆ ಸುಮಾರು 260 ಕಿಲೋಮೀಟರು. ದಾರಿಯಲ್ಲಿ ಐದು ಗಂಟೆ ಕಳೆದರೆ ಆರರಲ್ಲೊಂದು ಪಾಲೂ ಉಳಿಯದು. ಟೆಕ್ನೀಷಿಯಂ ಹಾಗಲ್ಲ. ಕ್ಷಯಿಸಿ ಟೆಕ್ನೀಷಿಯಂ ಆಗುವ, ಅರ್ಧಾಯು 66 ಗಂಟೆಯಿರುವ ಮೊಲಿಬ್ಡಿನಮ್ ತುಂಬಿದ ಜನರೇಟರನ್ನು ತಂದಿಟ್ಟುಕೊಂಡರೆ, ವಾರದುದ್ದಕ್ಕೂ ಹಸುವಿನ ಹಾಲಿನಂತೆ ಟೆಕ್ನೀಷಿಯಮನ್ನು ದಿನವೂ ಕರೆದುಕೊಳ್ಳಬಹುದು. ಆದುದರಿಂದ ಜಗಳೂರಿನ ರೋಗಿಗೆ ಹತ್ತಿರದಲ್ಲಿ ಮೊದಲು ಬೇಕಾದುದು ಆಡಂಬರದ ಸೈಕ್ಲೋಟ್ರಾನ್ ಅಲ್ಲ. ಟೆಕ್ನೀಷಿಯಂ ಸೂಸುವ ಕಿರಣವನ್ನು ಎಣಿಸುವ ಒಂದು ಗಾಮಾ ಕ್ಯಾಮೆರಾ, ಒಂದು ಜನರೇಟರು, ಅವನ್ನು ಬಲ್ಲ ವೈದ್ಯ.