ಪಹಣಿಯ ಮನೆ, ಹಿಂಡಿನ ಮನೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಿಂದ 'ತಿಥಿ' ಚಿತ್ರದ ಅವಲೋಕನ

ಕನ್ನಡ ಚಲನಚಿತ್ರವು ಗ್ರಾಮೀಣ ಕುಟುಂಬವನ್ನು ಬಹುಕಾಲ ಒಡಕಿನ ದುರಂತವಾಗಿ ಕಂಡಿತು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನಕ್ಕೆ ಸೇರಿದ ತ.ರಾ. ಸುಬ್ಬರಾಯರ (1920–1984) ಕಾದಂಬರಿಯನ್ನು ಆಧರಿಸಿ ಟಿ.ವಿ. ಸಿಂಗ್ ಠಾಕೂರ್ ಅವರು 1964ರಲ್ಲಿ ನಿರ್ದೇಶಿಸಿದ 'ಚಂದವಳ್ಳಿಯ ತೋಟ' ಇದಕ್ಕೆ ಉತ್ತಮ ನಿದರ್ಶನ. ರಾಷ್ಟ್ರಪ್ರಶಸ್ತಿಯ ಮನ್ನಣೆ ಪಡೆದ ಆ ಚಿತ್ರದಲ್ಲಿ ಕೂಡುಕುಟುಂಬ ಮುರಿಯುವುದೆಂದರೆ ಒಂದು ನೀತಿಯೇ ಮುರಿದಂತೆ. ಅರ್ಧ ಶತಮಾನದ ತರುವಾಯ ತೆರೆಗೆ ಬಂದ 'ತಿಥಿ' ಇದೇ ವಸ್ತುವನ್ನು ನಗೆಯ ಮೂಲಕ ನಿರ್ವಹಿಸಿತು. ಈ ನಗೆಯ ಹಿಂದೆ ಎರಡು ಬಗೆಯ ಆಸ್ತಿಗಳ ಚರಿತ್ರೆ ಅಡಗಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಮ್ ರೆಡ್ಡಿ ಅವರ ಈ ಪ್ರಥಮ ಕಥಾಚಿತ್ರವು ಮುಖ್ಯಧಾರೆಯ ಉದ್ಯಮದ ಹೊರಗೆ, ಸ್ವತಂತ್ರ ನಿರ್ಮಾಣವಾಗಿ ರೂಪುಗೊಂಡಿತು. ಸಹಲೇಖಕ ಈರೇಗೌಡರಿಗೆ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಚೆನ್ನಾಗಿ ಬಲ್ಲ ಊರು. ಚಿತ್ರೀಕರಣವೂ ಆ ಭಾಗದಲ್ಲಿಯೇ ನಡೆಯಿತು. ವೃತ್ತಿ ನಟರಲ್ಲದ ಗ್ರಾಮಸ್ಥರೇ ಪಾತ್ರಧಾರಿಗಳು. 2015ರ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಉತ್ಸವದಲ್ಲಿ ನವ ನಿರ್ದೇಶಕರ ವಿಭಾಗದ ಸುವರ್ಣ ಚಿರತೆ ಹಾಗೂ ಪ್ರಥಮ ಚಿತ್ರಕ್ಕೆ ಮೀಸಲಾದ ಪ್ರಶಸ್ತಿ ಇದಕ್ಕೆ ದೊರೆತವು. 63ನೆಯ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವವೂ ಸಂದಿತು. 2016ರಲ್ಲಿ ರಾಜ್ಯದ ಚಿತ್ರಮಂದಿರಗಳಿಗೆ ಬಂದಾಗ ಜನ ನಕ್ಕು ಸ್ವಾಗತಿಸಿದರು. ಉತ್ಸವದ ಚಿತ್ರಗಳಿಗೆ ಈ ಭಾಗ್ಯ ಅಪರೂಪ.

ಕಥೆಯ ಎಳೆ ಸರಳವಾದುದು. ನೂರೊಂದು ವರ್ಷದ ಸೆಂಚುರಿ ಗೌಡ ದಾರಿಹೋಕರನ್ನು ಬೈಯುತ್ತ ಕುಳಿತಿದ್ದವನು ಇದ್ದಕ್ಕಿದ್ದಂತೆ ಸಾಯುತ್ತಾನೆ. ಅವನ ಹಿರಿಯ ಮಗ ಗಡ್ಡಪ್ಪನಿಗೆ ಮನೆ, ಮಠ, ಜಮೀನು ಯಾವುದೂ ಬೇಡ. ಬೀಡಿ, ಬ್ರಾಂದಿಗಳೊಡನೆ ಹೊಲದ ಬದುಗಳಲ್ಲಿ ತಿರುಗುವುದೇ ಅವನ ಬಾಳು. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಜಮೀನು ಮಾರಿ ಹಣ ಮಾಡಿಕೊಳ್ಳುವ ಆತುರ. ಜಮೀನು ಇನ್ನೂ ಅಜ್ಜನ ಹೆಸರಿನಲ್ಲಿದೆ. ವಾರಸುದಾರನಾದ ತಂದೆ ಸಹಿ ಹಾಕಲಾರ. ಆಗ ಮಗನು ಬದುಕಿರುವ ತಂದೆಗೆ ಮರಣ ಪ್ರಮಾಣಪತ್ರ ಮಾಡಿಸಿ, ಕೈಗೆ ಹಣ ಕೊಟ್ಟು ಊರು ಬಿಡಿಸುತ್ತಾನೆ. ಹನ್ನೊಂದನೆಯ ದಿನದ ತಿಥಿಯ ಊಟಕ್ಕೆ ಸಾಲ ಎತ್ತುತ್ತಾನೆ. ಮರಿಮಗ ಅಭಿಗೆ ಕುರಿಗಾಹಿ ಹುಡುಗಿ ಕಾವೇರಿಯ ಬೆನ್ನು ಬೀಳುವುದೇ ಕೆಲಸ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವು ತಂದೆತಾಯಿಗಳಿಗೆ ವಿಧೇಯರಾಗಿರಬೇಕೆಂದು ವಿಧಿಸುತ್ತದೆ. ತಮ್ಮಣ್ಣನಿಗೆ ಅದನ್ನು ಯಾರಾದರೂ ಓದಿ ಹೇಳಿದ್ದರೆ ಅವನು ಆಕ್ಷೇಪಿಸುತ್ತಿರಲಿಲ್ಲ. ಪಹಣಿಯಲ್ಲಿ ಹೆಸರು ಬದಲಾಗುವುದು ಹೇಗೆಂದು ಮಾತ್ರ ಕೇಳುತ್ತಿದ್ದನೇನೋ! ಅವನ ತಂತ್ರವು ಕೇವಲ ದುಷ್ಟತನವಲ್ಲ. ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. 'ಭೂಮಿ' ಯೋಜನೆಯು 2002ರ ವೇಳೆಗೆ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯ ಕಾಲವನ್ನು ಮುಗಿಸಿತು. ಆದರೆ ಸತ್ತ ಹಿರಿಯರ ಹೆಸರಿನಲ್ಲಿ ಉಳಿದ ಜಮೀನನ್ನು ಬದುಕಿರುವವರ ಹೆಸರಿಗೆ ತರುವ ಕೆಲಸ ಗಣಕಯಂತ್ರದ್ದಲ್ಲ, ಮನೆಯವರದು. ಮನೆಯಲ್ಲಿ ಒಪ್ಪಿಗೆ ಇಲ್ಲದಿದ್ದರೆ ದಾಖಲೆ ಕದಲುವುದಿಲ್ಲ. ಈ ಸಂಕಟವನ್ನು ಬಲ್ಲ ಪ್ರೇಕ್ಷಕರಿಗೆ ಚಿತ್ರದ ನಗೆ ಮನೆಯೊಳಗಿನದೇ ಆಗಿ ಕೇಳಿಸಿತು.

ವಿಮರ್ಶೆಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬಂದದ್ದು ಈ ನಾಲ್ಕು ತಲೆಮಾರುಗಳ ಮನೆಯೇ. ಚಿತ್ರದಲ್ಲಿ ಇನ್ನೊಂದು ಮನೆಯೂ ಇದೆ, ಅದಕ್ಕೆ ಗೋಡೆಯಿಲ್ಲ. ಊರಾಚೆ ಬೀಡುಬಿಟ್ಟ ಕುರಿಗಾಹಿಗಳ ಆ ಕುಟುಂಬವನ್ನು ಗಡ್ಡಪ್ಪ ಸೇರಿಕೊಳ್ಳುತ್ತಾನೆ. ರಾತ್ರಿ ಬೆಂಕಿಯ ಮುಂದೆ ತನ್ನ ಸಂಸಾರದ ನೋವನ್ನು ಅವನು ಮೊದಲ ಬಾರಿಗೆ ತೋಡಿಕೊಳ್ಳುವುದು ಸ್ವಂತ ಮಗನೆದುರು ಅಲ್ಲ, ಇವರೆದುರು. ಇತ್ತ ಅಭಿ ತಿಥಿಯ ಕುರಿಗೆಂದು ಕೊಟ್ಟ ಹಣವನ್ನು ಜೂಜಿನಲ್ಲಿ ಕಳೆದು, ಇದೇ ಕುಟುಂಬದ ಹಿಂಡಿನಿಂದ ಕುರಿ ಕದಿಯುತ್ತಾನೆ. ಚಿತ್ರದಲ್ಲಿ ನಡೆಯುವ ಎರಡು ಅಪಹರಣಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಐದು ಎಕರೆಯನ್ನು ದಕ್ಕಿಸಿಕೊಳ್ಳಲು ಸುಳ್ಳು ಪತ್ರ, ಮಧ್ಯವರ್ತಿ, ಲಂಚ, ಸಾಲ ಇಷ್ಟೂ ಬೇಕಾಗುತ್ತವೆ. ಕುರಿಗಳನ್ನು ದಕ್ಕಿಸಿಕೊಳ್ಳಲು ಒಂದು ಕತ್ತಲ ರಾತ್ರಿ ಸಾಕು. ಜಮೀನಿಗೆ ಪಹಣಿಯಿದೆ, ಹಿಂಡಿಗೆ ಇಲ್ಲ.

ಈ ವ್ಯತ್ಯಾಸವು ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ವಿವರಿಸಿ ಹೇಳಬೇಕಾದುದಲ್ಲ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶವಿದು. ಶೇಂಗಾ ಕೈಕೊಟ್ಟ ವರ್ಷ ಮನೆ ಹಿಡಿಯುವುದು ಕುರಿ. ಮಗಳ ಮದುವೆಗೆ ನಾಲ್ಕು ಟಗರು, ಆಸ್ಪತ್ರೆಗೆ ಎರಡು ಮರಿ, ಹೀಗೆ ರೊಪ್ಪವೇ ಬ್ಯಾಂಕಾಗಿ ನಡೆದುಬಂದಿದೆ. ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ ಹೆಸರಾಯಿತು. ಮೇವು ತೀರಿದಾಗ ಬಯಲುಸೀಮೆಯ ಹಿಂಡುಗಳು ನೀರಾವರಿ ಸೀಮೆಗಳತ್ತ ಹೊರಡುತ್ತವೆ. ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರ ರೈತನಿಗೆ, ಕಾಳು ಅಥವಾ ಹಣ ಕುರಿಗಾಹಿಗೆ. ಈ ವ್ಯವಹಾರವೆಲ್ಲ ಬಾಯಿಮಾತಿನದು. 'ತಿಥಿ'ಯ ಬೀಡು ಇಂಥ ಸಂಬಂಧದ ಅಂಚಿನಲ್ಲಿದೆ. ಊರಿಗೆ ಅವರು ಬೇಕು, ಆದರೆ ಊರವರಲ್ಲ.

ಹಿಂಡುಗಳು ಬೇರೆ ಸೀಮೆಗೆ ಹೋಗುವ ಮುನ್ನ ಮೇಯುತ್ತಿದ್ದುದು ಕಾವಲುಗಳಲ್ಲಿ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿ, ಅದರ ದನಗಳಿಗಾಗಿ ವಿಸ್ತಾರವಾದ ಹುಲ್ಲುಗಾವಲುಗಳು ಮೀಸಲಾಗಿದ್ದವು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಮುಂತಾದ ಕಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ಕುರಿದನಗಳೂ ತಲೆತಲಾಂತರದಿಂದ ಮೇಯುತ್ತ ಬಂದವು. ಮೇಯಿಸಿದವರ ಹೆಸರು ಯಾವ ಕಾಲಂನಲ್ಲಿಯೂ ಇರಲಿಲ್ಲ. 2007ರಿಂದ 2010ರ ಸುಮಾರಿಗೆ ಅಂದಾಜು ಹತ್ತು ಸಾವಿರ ಎಕರೆ ಕಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಿಕೆಯಾಯಿತು. ಬೇಲಿ, ಗೋಡೆಗಳು ಎದ್ದವು. ಹಳ್ಳಿಗರು ಪ್ರತಿಭಟಿಸಿದರು, ಪ್ರಕರಣ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. 2017ರ ಮೇ ತಿಂಗಳಲ್ಲಿ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಗೊಂಡಿತು. ಆ ಸಂಸ್ಥೆಗಳ ಅಗತ್ಯವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಖಾಸಗಿ ಜಮೀನು ಹೋದರೆ ಪರಿಹಾರ ಕೇಳಲು ಪಹಣಿಯೊಂದು ಇರುತ್ತದೆ. ಮೇವು ಹೋದವರು ಯಾವ ಕಾಗದ ತೋರಿಸಬೇಕಿತ್ತು?

'ತಿಥಿ' ಇಂಥ ಪ್ರಶ್ನೆಯನ್ನು ಎತ್ತಲು ಹೊರಟ ಚಿತ್ರವಲ್ಲ. ಹಾಗೆ ಹೊರಟಿದ್ದರೆ ಅಷ್ಟು ಚೆನ್ನಾಗಿ ಬರುತ್ತಲೂ ಇರಲಿಲ್ಲವೆಂದು ತೋರುತ್ತದೆ. ಅದರ ಹಾಸ್ಯ ಪಹಣಿಯ ಮನೆಗೆ ಧಾರಾಳವಾಗಿ ಒದಗಿದೆ. ಹಿಂಡಿನ ಮನೆಯವರು ಅದರಲ್ಲಿ ನಗುವವರೂ ಅಲ್ಲ, ನಗೆಗೆ ಈಡಾಗುವವರೂ ಅಲ್ಲ, ಕೇಳಿಸಿಕೊಳ್ಳುವವರು, ಕಳೆದುಕೊಳ್ಳುವವರು. ಈ ಮಟ್ಟಿಗೆ ಚಿತ್ರದ ದೃಷ್ಟಿ ಊರಿನ ಒಳಗಿನಿಂದಲೇ ಹೊರಟಿದೆ ಎನ್ನಬಹುದು. ಈರೇಗೌಡರು ತಾವೇ ನಿರ್ದೇಶಿಸಿದ 'ಬಳೆಕೆಂಪ'ದಲ್ಲಿ (2018) ಊರೂರು ತಿರುಗುವ ಬಳೆಗಾರನನ್ನು ನಡುವಿಗೆ ತಂದರು. ಕುರಿಗಾಹಿಯ ಕಡೆಯಿಂದ ಹೇಳುವ ಅಂಥ ಕಥೆಗೆ ಬೇಕಾದ ಸಾಮಗ್ರಿ ಈ ಎರಡು ತಾಲ್ಲೂಕುಗಳ ಹಟ್ಟಿಗಳಲ್ಲಿ ಹೇರಳವಾಗಿದೆ: ಯಾವ ವರ್ಷ ಯಾವ ದಾರಿಯಲ್ಲಿ ಹಿಂಡು ಹೋಯಿತು, ಯಾರ ಹೊಲದಲ್ಲಿ ಮಂದೆ ನಿಂತಿತು, ಎಲ್ಲಿ ಎಷ್ಟು ಕುರಿ ಕಳೆದವು ಎಂಬ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿರುವ ಹಿರಿಯರು ಅಲ್ಲಿದ್ದಾರೆ.