ಖಾಲಿ ಬಿಟ್ಟ 32 ಕಿಲೋಬೈಟ್

ಪೆನ್‌ಡ್ರೈವ್‌ಗೆ ಲಿನಕ್ಸ್ ಇಳಿಸಲು ಹೊರಟವರಿಗೆ ಹೆಚ್ಚಾಗಿ ಎದುರಾಗುವುದು ಎರಡಕ್ಷರದ ಒಂದು ಆಜ್ಞೆ: ಡಿಡಿ. ಯುನಿಕ್ಸ್‌ನ ಬೇರೆ ಆಜ್ಞೆಗಳು ಸಣ್ಣ ಅಡ್ಡಗೆರೆಯ ನಂತರ ಆಯ್ಕೆಗಳನ್ನು ಬರೆಸಿಕೊಳ್ಳುತ್ತವೆ. ಇದಕ್ಕೆ ಮಾತ್ರ ‘ಐಎಫ್=’ ಎಂದು ಎಲ್ಲಿಂದ ಓದಬೇಕೆಂಬುದನ್ನೂ ‘ಓಎಫ್=’ ಎಂದು ಎಲ್ಲಿಗೆ ಬರೆಯಬೇಕೆಂಬುದನ್ನೂ ಹೇಳಬೇಕು.

ಈ ಧಾಟಿ ಯುನಿಕ್ಸ್‌ನದಲ್ಲ, ಐಬಿಎಂನದು. 1964ರಲ್ಲಿ ಘೋಷಣೆಯಾದ ಸಿಸ್ಟಂ/360 ಯಂತ್ರಗಳಿಗೆ ಕೆಲಸ ಒಪ್ಪಿಸುವ ಭಾಷೆಯಲ್ಲಿ, ದತ್ತಾಂಶ ಎಲ್ಲಿದೆ ಎಂದು ತಿಳಿಸುವ ಸಾಲಿನ ಹೆಸರೇ ಡಿಡಿ. ಬೆಲ್ ಲ್ಯಾಬ್ಸ್‌ನವರು ಅದೇ ಹೆಸರನ್ನು ತಮ್ಮ ಆಜ್ಞೆಗೆ ಇಟ್ಟರು. 1974ರ ಯುನಿಕ್ಸ್ ಐದನೇ ಆವೃತ್ತಿಯ ಹೊತ್ತಿಗೆ ಅದು ಬಳಕೆಗೆ ಬಂದಿತ್ತು. ಐಬಿಎಂ ಟೇಪುಗಳಲ್ಲಿ ಅಕ್ಷರಗಳು ಎಬ್ಸಿಡಿಕ್ ಸಂಕೇತದಲ್ಲಿರುತ್ತಿದ್ದವು, ಯುನಿಕ್ಸ್ ಬಳಸುತ್ತಿದ್ದುದು ಆಸ್ಕಿ. ಒಂದನ್ನು ಇನ್ನೊಂದಕ್ಕೆ ಬದಲಿಸುವ ಕೆಲಸ ಡಿಡಿಗೆ ಗೊತ್ತಿತ್ತು. ಇಂದಿನ ಲಿನಕ್ಸ್‌ನ ಡಿಡಿಯಲ್ಲೂ ಆ ಸೌಲಭ್ಯ ಉಳಿದಿದೆ.

ಯುನಿಕ್ಸ್‌ನಲ್ಲಿ ಡಿಸ್ಕ್ ಕೂಡ ಒಂದು ಕಡತವೇ. ಹಾಗಾಗಿ ಒಳಗಿನ ಕಡತಗಳ ಗೊಡವೆಗೆ ಹೋಗದೆ ಮೊದಲ ಬೈಟಿನಿಂದ ಕೊನೆಯವರೆಗೆ ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡಬಹುದಿತ್ತು. 1991ರಲ್ಲಿ ಲಿನಕ್ಸ್ ಹುಟ್ಟಿದ ಮೇಲೆ 1.44 ಎಂಬಿ ಫ್ಲಾಪಿಗಳಿಗೆ ಅದನ್ನು ಇಳಿಸಲು ಇದೇ ದಾರಿಯಾಯಿತು. ಸೀಡಿಯಿಂದ ಕಂಪ್ಯೂಟರನ್ನು ಬೂಟ್ ಮಾಡುವ ವಿಧಾನ 1995ರಲ್ಲಿ ಎಲ್ ಟೊರಿಟೊ ಎಂಬ ಹೆಸರಿನಲ್ಲಿ ಗೊತ್ತಾಯಿತು. ಮುಂದೆ ಭಾರತದ ಕಂಪ್ಯೂಟರ್ ಪತ್ರಿಕೆಗಳ ಜೊತೆಗೂ ಲಿನಕ್ಸ್ ಸೀಡಿಗಳು ಬಂದವು.

ಪೆನ್‌ಡ್ರೈವ್ ಬಂದಾಗ ತೊಡಕೊಂದು ಎದುರಾಯಿತು. ಸೀಡಿಯ ಐಎಸ್‌ಓ ಕಡತವನ್ನು ಹಾಗೇ ಅದರ ಮೇಲೆ ಬರೆದರೆ ಕಂಪ್ಯೂಟರ್ ಬೂಟ್ ಆಗುತ್ತಿರಲಿಲ್ಲ. ಬಯಾಸ್ ಪೆನ್‌ಡ್ರೈವನ್ನು ಹಾರ್ಡ್‌ಡಿಸ್ಕಿನಂತೆ ಕಾಣುತ್ತದೆ. ಮೊದಲ 512 ಬೈಟುಗಳಲ್ಲೇ ಬೂಟ್ ಸೂಚನೆಗಳನ್ನು ಹುಡುಕುತ್ತದೆ. ಸೀಡಿಯಲ್ಲಿ ಅವು ಅಲ್ಲಿರುವುದಿಲ್ಲ. ಆದ್ದರಿಂದ ಪೆನ್‌ಡ್ರೈವನ್ನು ವಿಭಾಗಿಸಿ, ಫಾರ್ಮ್ಯಾಟ್ ಮಾಡಿ, ಬೂಟ್‌ಲೋಡರನ್ನು ಬೇರೆಯಾಗಿ ಕೂರಿಸಬೇಕಿತ್ತು.

ಪರಿಹಾರಕ್ಕೆ ಜಾಗ ಸೀಡಿಯ ಮಾನಕದಲ್ಲೇ ಇತ್ತು. ಐಎಸ್‌ಓ 9660 ತನ್ನ ಮೊದಲ 16 ಸೆಕ್ಟರುಗಳನ್ನು, ಅಂದರೆ 32 ಕಿಲೋಬೈಟುಗಳನ್ನು, ತಾನು ಬಳಸದೆ ಬಿಟ್ಟಿದೆ. ಎಚ್. ಪೀಟರ್ ಆನ್ವಿನ್ ಅವರ ಸಿಸ್‌ಲಿನಕ್ಸ್ ಯೋಜನೆ 2008ರಲ್ಲಿ ಐಸೋಹೈಬ್ರಿಡ್ ಎಂಬ ಸಲಕರಣೆಯ ಮೂಲಕ ಆ ಖಾಲಿ ಜಾಗದಲ್ಲಿ ಹಾರ್ಡ್‌ಡಿಸ್ಕಿಗೆ ಬೇಕಾದ ಬೂಟ್ ಸೂಚನೆಗಳನ್ನು ಇಟ್ಟಿತು. ಸೀಡಿ ಓದುವಾಗ ಅತ್ತ ಯಾರೂ ನೋಡುವುದಿಲ್ಲ, ಪೆನ್‌ಡ್ರೈವ್ ಓದುವಾಗ ಬಯಾಸ್ ಮೊದಲು ನೋಡುವುದೇ ಅಲ್ಲಿ. ಒಂದೇ ಕಡತ ಎರಡಕ್ಕೂ ಒದಗಿತು. ಡಿಡಿಗೆ ಹೊಸ ಕೆಲಸ ಸಿಕ್ಕಿತು.

ಅದರ ಹಳೆಯ ಸ್ವಭಾವ ಮಾತ್ರ ಬದಲಾಗಲಿಲ್ಲ. ಡಿಡಿ ‘ಖಚಿತವೇ?’ ಎಂದು ಕೇಳುವುದಿಲ್ಲ. ‘ಓಎಫ್=’ ಮುಂದೆ ಎಸ್‌ಡಿಬಿ ಎನ್ನುವಲ್ಲಿ ಎಸ್‌ಡಿಎ ಎಂದು ಬರೆದರೆ, ಒಂದಕ್ಷರದ ಆ ತಪ್ಪಿಗೆ ಪೆನ್‌ಡ್ರೈವಿನ ಬದಲು ಮನೆಯವರ ಫೋಟೋಗಳಿರುವ ಡಿಸ್ಕೇ ಅಳಿಯಬಹುದು. ‘ಡಿಸ್ಕ್ ಡೆಸ್ಟ್ರಾಯರ್’ ಎಂಬ ಅಡ್ಡಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಕೊಟ್ಟು ಡಿಸ್ಕುಗಳ ಹೆಸರನ್ನೂ ಗಾತ್ರವನ್ನೂ ನೋಡಿಕೊಳ್ಳಲು ಹಿಡಿಯುವುದು ಅರೆಗಳಿಗೆ.

ಅಸಲಿಗೆ ಈ ಕೆಲಸಕ್ಕೆ ಡಿಡಿಯೇ ಆಗಬೇಕೆಂದೂ ಇಲ್ಲ. ಡೆಬಿಯನ್‌ನ ಕೈಪಿಡಿ ತೋರಿಸುವುದು ಕಡತ ನಕಲಿಸುವ ಸಾಮಾನ್ಯ ಸಿಪಿ ಆಜ್ಞೆಯನ್ನು. ಅದಕ್ಕೂ ಡಿಸ್ಕಿನ ಹೆಸರು ಸರಿಯಾಗಿಯೇ ಇರಬೇಕು.