ಯಂತ್ರವನ್ನು ಕೇಳುವ ವಿದ್ಯೆ

ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್‌ಗೆ ಪಾರ್ಲಿಮೆಂಟಿನ ಸದಸ್ಯರಿಬ್ಬರು ಬೇರೆ ಬೇರೆ ಸಂದರ್ಭಗಳಲ್ಲಿ ಒಂದೇ ಪ್ರಶ್ನೆ ಕೇಳಿದ್ದರಂತೆ: ‘ನಿಮ್ಮ ಲೆಕ್ಕದ ಯಂತ್ರಕ್ಕೆ ತಪ್ಪು ಅಂಕಿ ಕೊಟ್ಟರೆ ಸರಿಯಾದ ಉತ್ತರ ಬರುತ್ತದೆಯೇ?’ ಇಂಥ ಪ್ರಶ್ನೆ ಹುಟ್ಟಬೇಕಾದರೆ ತಲೆಯಲ್ಲಿ ಎಂಥ ಗೊಂದಲವಿರಬೇಕೋ ತನಗೆ ತಿಳಿಯದು ಎಂದು ಬ್ಯಾಬೇಜ್ 1864ರಲ್ಲಿ ಪ್ರಕಟವಾದ ತನ್ನ ನೆನಪುಗಳ ಪುಸ್ತಕದಲ್ಲಿ ಬರೆದ.

ಮುಂದೆ ಕಂಪ್ಯೂಟರ್ ಬಂದ ಮೇಲೂ ಈ ಮಾತು ಸುಳ್ಳಾಗಲಿಲ್ಲ. ಆಜ್ಞೆಯಲ್ಲಿ ಒಂದು ಚಿಹ್ನೆ ತಪ್ಪಿದರೂ ಕೆಲಸ ನಿಲ್ಲುತ್ತಿತ್ತು. ಯಂತ್ರದ ಭಾಷೆಯನ್ನು ಮನುಷ್ಯನೇ ಕಲಿಯಬೇಕಿತ್ತು.

ಆಡುಮಾತಿನಲ್ಲೇ ಯಂತ್ರದೊಡನೆ ಸಂಭಾಷಿಸುವ ಮೊದಲ ಪ್ರಯತ್ನಗಳಲ್ಲಿ ಪ್ರಸಿದ್ಧವಾದದ್ದು ‘ಎಲಿಜಾ’. ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಇದರ ವಿವರ ಪ್ರಕಟಿಸಿದರು. ‘ನನಗೆ ಬೇಸರವಾಗಿದೆ’ ಎಂದರೆ ‘ಏಕೆ ಬೇಸರ?’ ಎಂಬಂತೆ, ಕೇಳಿದವರ ಮಾತನ್ನೇ ತಿರುಗಿಸಿ ಮನೋವೈದ್ಯರ ಧಾಟಿಯಲ್ಲಿ ಪ್ರಶ್ನಿಸುವುದಷ್ಟೇ ಅದರ ಕೆಲಸ. ಅರ್ಥ ತಿಳಿಯುವ ಶಕ್ತಿ ಅದಕ್ಕೆ ಎಳ್ಳಷ್ಟೂ ಇರಲಿಲ್ಲ. ಆದರೂ ಅದು ಸಿದ್ಧವಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಎಲಿಜಾ ಜೊತೆ ಮಾತಿಗೆ ಕುಳಿತಾಗ, ಸ್ವಲ್ಪ ಹೊರಗಿರಿ ಎಂದು ಅವರನ್ನು ಕೋಣೆಯಿಂದ ಕಳಿಸಿದರು! ವೈಜೆನ್‌ಬಾಮ್ ಮುಂದೆ ಕಂಪ್ಯೂಟರ್ ಮೋಹದ ಕಟು ಟೀಕಾಕಾರರಾದರು.

ಇಂದಿನ ಕೃತಕ ಬುದ್ಧಿಮತ್ತೆಯ ಬಗೆ ಬೇರೆ. ಅಪಾರ ಬರಹವನ್ನು ಓದಿಸಿ, ಯಾವ ಮಾತಿನ ಮುಂದೆ ಯಾವ ಮಾತು ಬರಬಹುದೆಂಬ ಅಂದಾಜನ್ನು ಅದಕ್ಕೆ ಕಲಿಸಲಾಗಿದೆ. ಹಾಗಾಗಿ ‘ಪ್ರಾಂಪ್ಟ್’ ಎನ್ನಲಾಗುವ ನಮ್ಮ ಕೋರಿಕೆಯೇ ಅದಕ್ಕೆ ದಾರಿದೀಪ. ‘ರಜೆ ಅರ್ಜಿ ಬರೆದುಕೊಡು’ ಎಂದರೆ ಯಾರಿಗೂ ಹೊಂದಬಹುದಾದ ಸಪ್ಪೆ ಅರ್ಜಿ ಬರುತ್ತದೆ. ಏಳನೇ ತರಗತಿಯ ಹುಡುಗ, ಅಕ್ಕನ ಮದುವೆ, ಮೂರು ದಿನದ ರಜೆ, ಮುಖ್ಯೋಪಾಧ್ಯಾಯರಿಗೆ, ಆರು ಸಾಲು ಮೀರದಂತೆ ಎಂದರೆ ಬೇಕಾದದ್ದೇ ಸಿಗುತ್ತದೆ.

ಮಾದರಿ ಕೊಟ್ಟು ಕೇಳುವುದು ಇನ್ನೊಂದು ಉಪಾಯ. ಕೋರಿಕೆಯಲ್ಲೇ ಕೆಲವು ಉದಾಹರಣೆ ಸೇರಿಸಿದರೆ ಯಂತ್ರ ಅದೇ ಜಾಡು ಹಿಡಿಯುತ್ತದೆಂದು ‘ಜಿಪಿಟಿ-3’ ರೂಪಿಸಿದವರು 2020ರಲ್ಲಿ ತೋರಿಸಿದರು. 2022ರಲ್ಲಿ ಟೋಕಿಯೊ ವಿಶ್ವವಿದ್ಯಾಲಯ ಮತ್ತು ಗೂಗಲ್ ಸಂಶೋಧಕರು ಕಂಡುಕೊಂಡದ್ದು ಮತ್ತೂ ಸ್ವಾರಸ್ಯಕರ. ಹಂತ ಹಂತವಾಗಿ ಯೋಚಿಸೋಣ ಎಂಬರ್ಥದ ಒಂದೇ ವಾಕ್ಯ ಸೇರಿಸಿದ್ದಕ್ಕೆ, ಒಂದು ಗಣಿತ ಪರೀಕ್ಷೆಯಲ್ಲಿ ಸರಿಯುತ್ತರದ ಪ್ರಮಾಣ ಶೇ 17.7ರಿಂದ ಶೇ 78.7ಕ್ಕೇರಿತು. ಅದೇ ವರ್ಷ ನವೆಂಬರ್ 30ರಂದು ‘ಚಾಟ್‌ಜಿಪಿಟಿ’ ಜನರ ಕೈಗೆ ಬಂತು.

ಚೆನ್ನಾಗಿ ಕೇಳಿದರಷ್ಟೇ ಸಾಕೇ? ಬ್ಯಾಬೇಜನ ಯಂತ್ರಕ್ಕಿಲ್ಲದ ತೊಡಕೊಂದು ಇಲ್ಲಿದೆ. ಪ್ರಶ್ನೆ ಸರಿಯಿದ್ದರೂ ಉತ್ತರ ಸುಳ್ಳಾಗಬಹುದು, ಅದೂ ಸೊಗಸಾದ ಭಾಷೆಯಲ್ಲಿ. 2023ರಲ್ಲಿ ನ್ಯೂಯಾರ್ಕಿನ ವಕೀಲರೊಬ್ಬರು ಚಾಟ್‌ಜಿಪಿಟಿ ಒದಗಿಸಿದ ಹಳೆಯ ತೀರ್ಪುಗಳನ್ನು ನಂಬಿದರು. ‘ಇದು ನಿಜವಾದ ಮೊಕದ್ದಮೆಯೇ?’ ಎಂದು ಯಂತ್ರವನ್ನೇ ಕೇಳಿದರು. ಹೌದೆಂಬ ಉತ್ತರ ಬಂತು. ಆದರೆ ನ್ಯಾಯಾಲಯಕ್ಕೆ ಸಲ್ಲಿಕೆಯಾದವುಗಳಲ್ಲಿ ಆರು ತೀರ್ಪುಗಳು ಎಲ್ಲೂ ಇರಲಿಲ್ಲ. ಇಬ್ಬರು ವಕೀಲರು ಮತ್ತು ಅವರ ಸಂಸ್ಥೆಗೆ ಒಟ್ಟು 5,000 ಡಾಲರ್ ದಂಡ ಬಿತ್ತು.

ಇಂಥ ಸಾಧನ ಬಳಸುವುದೇ ತಪ್ಪೆಂದು ನ್ಯಾಯಾಧೀಶರು ಹೇಳಲಿಲ್ಲ. ಸಲ್ಲಿಸುವ ಪ್ರತಿ ಮಾತೂ ನಿಜವೇ ಎಂದು ನೋಡುವ ಹೊಣೆ ಮಾತ್ರ ವಕೀಲರದೇ ಎಂದರು.